ಒಂದೂವರೆ ಗೇಣಿನ ದೂರ

ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತಿನ ದಾರಿ? ಒಂದು ತಲೆಮಾರಿನ ಹಿಂದೆ ಈ ಪ್ರಶ್ನೆಯನ್ನು ಕೇಳುತ್ತಿದ್ದವರು ಪರೀಕ್ಷೆಗೆ ಓದುವ ಹುಡುಗರು ಮಾತ್ರ. ಇಂದು ಮಲೆನಾಡಿನ ಮೂಲೆಯ ಮನೆಯ ಜಗುಲಿಯಲ್ಲಿ ಕುಳಿತ ಮುದುಕಿಯೂ ಇದನ್ನು ಕೇಳುತ್ತಾಳೆ. ಆಕೆಗೆ ಅದು ಭೂಗೋಳದ ಪ್ರಶ್ನೆಯಲ್ಲ. ಮಗ ಬರುವುದಕ್ಕೆ ಎಷ್ಟು ಹೊತ್ತು ಹಿಡಿದೀತು ಎಂಬುದೇ ಆಕೆಯ ಪ್ರಶ್ನೆ.

ನಾನು ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿದವನು. ಈ ಪ್ರಶ್ನೆಗೆ ಉತ್ತರ ನನಗೆ ಬಾಯಿಪಾಠವಾಗಿರಬೇಕಿತ್ತು. ಆದರೆ ಅದನ್ನು ಹೇಳಲೇಬೇಕಾದ ದಿನ ತಪ್ಪು ಹೇಳಿದೆ. ಆ ತಪ್ಪು ಯಾವುದು, ಸರಿಯಾದ ಲೆಕ್ಕ ಯಾವುದು ಎಂಬುದನ್ನು ತಮ್ಮ ಮುಂದೆ ಇಡುವುದೇ ಇಂದಿನ ಮಾತಿನ ಉದ್ದೇಶ.

ಮೊದಲು ದೂರದ ಸಂಗತಿ. ನನ್ನ ತಮ್ಮ ಕ್ಯಾಲಿಫೋರ್ನಿಯಕ್ಕೆ ಹೋಗಿ ನೆಲೆಸಿದ ಹೊಸತರಲ್ಲಿ, ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಹೂ ಕಟ್ಟುತ್ತಾ ಕುಳಿತಿದ್ದ ಅವ್ವ, "ಅವನಿರೋ ಊರು ಎಷ್ಟು ದೂರ ಮಾರಾಯ?" ಎಂದಳು. ಗೋಡೆಯ ಮೇಲೆ ಪ್ರಪಂಚದ ನಕಾಶೆಯಿತ್ತು. ಅದನ್ನು ತೋರಿಸಿದ್ದರೆ ಅಲ್ಲಿಯೇ ಮೊದಲ ತಪ್ಪಾಗುತ್ತಿತ್ತು. ಗೋಡೆಯ ನಕಾಶೆಗಳಲ್ಲಿ ಬಹಳಷ್ಟು, ೧೫೬೯ರಲ್ಲಿ ಮರ್ಕೇಟರ್ ಎಂಬಾತ ನಾವಿಕರ ಅನುಕೂಲಕ್ಕಾಗಿ ರೂಪಿಸಿದ ಮಾದರಿಯವು. ಹಡಗಿನವನು ದಿಕ್ಸೂಚಿಯ ಮುಳ್ಳನ್ನು ಒಂದೇ ಕೋನದಲ್ಲಿ ಹಿಡಿದು ಸಾಗಲು ಅದು ಅತ್ಯುಪಯುಕ್ತ. ಆದರೆ ಆ ಅನುಕೂಲಕ್ಕೆ ತೆರುವ ಬೆಲೆಯೇನೆಂದರೆ, ಧ್ರುವಗಳತ್ತ ಹೋದಂತೆಲ್ಲ ನೆಲ ಹಿಗ್ಗುತ್ತಾ ಹೋಗುತ್ತದೆ. ಆಫ್ರಿಕ ಖಂಡದ ಹದಿನಾಲ್ಕರಲ್ಲಿ ಒಂದು ಪಾಲಿನಷ್ಟಿರುವ ಗ್ರೀನ್‌ಲೆಂಡ್ ಅಲ್ಲಿ ಆಫ್ರಿಕದಷ್ಟೇ ದೊಡ್ಡದಾಗಿ ಕಾಣುತ್ತದೆ. ಅಂತಹ ನಕಾಶೆಯಲ್ಲಿ ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಅಡಿಕೋಲು ಇಟ್ಟು ಗೆರೆ ಎಳೆದರೆ, ಅದು ಬಂಗಾಳಕೊಲ್ಲಿಯನ್ನು ದಾಟಿ, ಫಿಲಿಪೀನ್ಸಿನ ಉತ್ತರಕ್ಕೆ ಹಾದು, ಶಾಂತಸಾಗರದ ಉದ್ದಕ್ಕೂ ಸಾಗುತ್ತದೆ. ನೋಡುವುದಕ್ಕೆ ನೆಟ್ಟಗಿರುವ ಈ ದಾರಿ ಸುಮಾರು ೧೬,೧೦೦ ಕಿಲೋಮೀಟರ್ ಆಗುತ್ತದೆ.

ನಾನು ನಕಾಶೆಯನ್ನು ಬಿಟ್ಟು, ಶಾಲೆಯಿಂದ ತಂದಿದ್ದ ಗೋಳವನ್ನು ಅವ್ವನ ಮುಂದಿಟ್ಟೆ. ಹೂ ಕಟ್ಟುವ ಬಾಳೆನಾರಿನ ಒಂದು ಎಳೆಯನ್ನು ಆಕೆಯ ಕೈಯಿಂದಲೇ ತೆಗೆದುಕೊಂಡು, ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹಿಡಿಯಲು ಹೇಳಿ, ಇನ್ನೊಂದು ತುದಿಯನ್ನು ಸ್ಯಾನ್‌ಫ್ರಾನ್ಸಿಸ್ಕೋ ಮೇಲಿಟ್ಟು ಬಿಗಿಯಾಗಿ ಎಳೆದೆ. ಬಿಗಿಯಾದ ನಾರು ತಾನಾಗಿಯೇ ಜಾರಿ, ಉತ್ತರಕ್ಕೆ ಹೋಗಿ ನಿಂತಿತು. ಇದೇ ನೋಡಿ, ಭೂಗೋಳಶಾಸ್ತ್ರದಲ್ಲಿ ಮಹಾವೃತ್ತ ಎನ್ನುವುದು. ಗೋಳದ ಮೇಲಿನ ಎರಡು ಬಿಂದುಗಳ ನಡುವೆ ಅತ್ಯಂತ ಹತ್ತಿರದ ದಾರಿ ಆ ವೃತ್ತದ ಒಂದು ತುಂಡು. ಬೆಂಗಳೂರಿನಿಂದ ಹೊರಟ ನಾರು ಪೂರ್ವಕ್ಕೆ ಹೊರಳುವುದಿಲ್ಲ; ಹೆಚ್ಚುಕಡಿಮೆ ಉತ್ತರಕ್ಕೇ ಮುಖಮಾಡಿ, ತುಸು ಮಾತ್ರ ಬಲಕ್ಕೆ ವಾಲಿ, ಹಿಮಾಲಯ, ಟಿಬೆಟ್, ಸೈಬೀರಿಯಗಳ ಮೇಲೆ ಏರುತ್ತಾ ಹೋಗುತ್ತದೆ. ಸೈಬೀರಿಯದ ಈಶಾನ್ಯ ಕರಾವಳಿಯನ್ನು ದಾಟಿ ಸುಮಾರು ೭೧ ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟಿ, ಅಲ್ಲಿಂದ ಅಲಾಸ್ಕದ ಕಡೆಗೆ ಇಳಿದು ಕ್ಯಾಲಿಫೋರ್ನಿಯ ಸೇರುತ್ತದೆ. ಈ ದಾರಿಯ ಉದ್ದ ಸುಮಾರು ೧೩,೯೯೦ ಕಿಲೋಮೀಟರ್. ನಕಾಶೆಯ 'ನೆಟ್ಟಗಿನ' ದಾರಿಗಿಂತ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಉಳಿತಾಯ! ಬಾಗಿದಂತೆ ಕಾಣುವ ದಾರಿಯೇ ನೇರ, ನೇರವಾಗಿ ಕಾಣುವ ದಾರಿಯೇ ಸುತ್ತು.

ಭೂಮಿಯ ಸುತ್ತಳತೆ ಸುಮಾರು ೪೦,೦೦೦ ಕಿಲೋಮೀಟರ್. ಆದ್ದರಿಂದ ಈ ಲೋಕದಲ್ಲಿ ಯಾವ ಎರಡು ಊರುಗಳೂ ೨೦,೦೦೦ ಕಿಲೋಮೀಟರಿಗಿಂತ ದೂರವಿರಲಾರವು. ಆ ಗರಿಷ್ಠ ದೂರದ ಹತ್ತರಲ್ಲಿ ಏಳು ಪಾಲಿನಷ್ಟು ದೂರಕ್ಕೆ ನನ್ನ ತಮ್ಮ ಹೋಗಿದ್ದ. ಅವ್ವ ನಾರನ್ನು ತನ್ನ ಬೆರಳುಗಳಿಂದ ಅಳೆದಳು. ಆ ಗೋಳದ ಮೇಲೆ ಅದು ಒಂದೂವರೆ ಗೇಣಾಯಿತು. "ಇಷ್ಟೇಯಾ? ಹಾಗಾದ್ರೆ ಕರೆದ್ರೆ ಬರ್ತಾನೆ ಬಿಡು" ಎಂದು ಮತ್ತೆ ಹೂ ಕಟ್ಟತೊಡಗಿದಳು.

ನಾರು ತೋರಿಸಿದ ದಾರಿಯಲ್ಲಿಯೇ ವಿಮಾನ ಹಾರುತ್ತದೆಯೇ? ಹಾರುವುದಿಲ್ಲ. ದೂರದ ಲೆಕ್ಕದಿಂದ ಹೊತ್ತಿನ ಲೆಕ್ಕಕ್ಕೆ ಬಂದಾಗ ತೊಡಕುಗಳು ಒಂದೊಂದಾಗಿ ತಲೆಯೆತ್ತುತ್ತವೆ.

ಮೊದಲನೆಯದು ನೆಲದ ತೊಡಕು. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೆ ಕೆಳಗಿನ ಬೆಟ್ಟ ಏನು ಮಾಡೀತು ಎನಿಸಬಹುದು. ಆದರೆ ವಿಮಾನದೊಳಗಿನ ಗಾಳಿಯ ಒತ್ತಡ ಅಕಸ್ಮಾತ್ತಾಗಿ ಕುಸಿದರೆ, ಪ್ರಯಾಣಿಕರು ಉಸಿರಾಡಬಲ್ಲ ಎತ್ತರಕ್ಕೆ, ಅಂದರೆ ಸುಮಾರು ಮೂರು ಕಿಲೋಮೀಟರಿಗೆ, ವಿಮಾನ ಬೇಗನೆ ಇಳಿಯಬೇಕಾಗುತ್ತದೆ. ಟಿಬೆಟ್ಟಿನ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ನಾಲ್ಕೂವರೆ ಕಿಲೋಮೀಟರ್. ಅಲ್ಲಿ ಇಳಿಯಲು ಜಾಗವೇ ಇಲ್ಲ. ಆದ್ದರಿಂದ ದೂರಪ್ರಯಾಣದ ವಿಮಾನಗಳು ಸಾಮಾನ್ಯವಾಗಿ ಅದನ್ನು ಬಳಸಿಕೊಂಡು ಹೋಗುತ್ತವೆ.

ಎರಡನೆಯದು ಆಸರೆಯ ತೊಡಕು. ಎರಡು ಎಂಜಿನ್ನುಗಳ ವಿಮಾನ, ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದ ಗೊತ್ತಾದ ಅವಧಿಯೊಳಗೆ ತಲುಪಬಹುದಾದ ನಿಲ್ದಾಣವನ್ನು ದಾರಿಯುದ್ದಕ್ಕೂ ನೆರೆಯಲ್ಲಿಟ್ಟುಕೊಂಡೇ ಹಾರಬೇಕು. ಇದು ಬರಿಯ ಕಾಗದದ ನಿಯಮವಲ್ಲ. ೨೦೨೩ರ ಜೂನ್ ತಿಂಗಳಲ್ಲಿ ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಎಂಜಿನ್ನಿನ ದೋಷದಿಂದಾಗಿ ರಷ್ಯದ ದೂರಪೂರ್ವದ ಮಗಡಾನ್ ಎಂಬ ಊರಿನಲ್ಲಿ ಇಳಿಯಿತು. ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಬದಲಿ ವಿಮಾನ ಬರುವತನಕ ಅಲ್ಲಿಯೇ ತಂಗಬೇಕಾಯಿತು. ಹದಿನಾರು ಗಂಟೆಯ ಪಯಣವೆಂದು ಹೊರಟವರಿಗೆ ದಿನಗಳ ಪಯಣವಾಯಿತು.

ಮೂರನೆಯದು ಚಳಿಯ ತೊಡಕು. ವಿಮಾನದ ಇಂಧನ ಅದರ ಬಗೆಯನ್ನು ಅನುಸರಿಸಿ ಸೊನ್ನೆಗಿಂತ ೪೦ ಅಥವಾ ೪೭ ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಧ್ರುವಪ್ರದೇಶದ ಮೇಲಣ ಗಾಳಿ ಅದಕ್ಕಿಂತಲೂ ತಣ್ಣಗಿರುವುದುಂಟು. ಚಾಲಕರು ರೆಕ್ಕೆಯೊಳಗಿನ ಇಂಧನದ ಬಿಸಿಯನ್ನು ಗಮನಿಸುತ್ತಲೇ ಹೋಗಬೇಕು. ಅಗತ್ಯ ಬಿದ್ದರೆ ಎತ್ತರ ಇಳಿಸಿ ತುಸು ಬೆಚ್ಚನೆಯ ಗಾಳಿಯನ್ನು ಹುಡುಕಬೇಕು.

ಇಷ್ಟಾದರೂ ಧ್ರುವದ ದಾರಿ ಅಸಾಧ್ಯವಲ್ಲ. ೨೦೨೧ರ ಜನವರಿ ೯ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯ ವಿಮಾನ ಉತ್ತರಧ್ರುವದ ಮೇಲೆ ಹಾರಿ, ಎಲ್ಲಿಯೂ ಇಳಿಯದೆ, ಸುಮಾರು ೧೭ ಗಂಟೆಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಈ ಎರಡು ಊರುಗಳ ನಡುವಣ ನೇರ ಸೇವೆಗೆ ಅದೇ ನಾಂದಿ. ಅದನ್ನು ನಡೆಸಿದ ಚಾಲಕರೆಲ್ಲರೂ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಖ್ಯಸ್ಥೆ. ಅಷ್ಟು ದೂರ ಸುತ್ತಿಕೊಂಡು ಧ್ರುವಕ್ಕೇ ಏಕೆ ಹೋಗಬೇಕು ಎಂದು ಕೇಳುವವರುಂಟು. ಬೆಂಗಳೂರಿನಿಂದ ಸರಿಯಾಗಿ ಧ್ರುವಕ್ಕೆ ಹೋಗಿ ಅಲ್ಲಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಇಳಿದರೆ ಸುಮಾರು ೧೪,೩೭೦ ಕಿಲೋಮೀಟರ್ ಆಗುತ್ತದೆ. ಅತ್ಯಂತ ಹತ್ತಿರದ ದಾರಿಗಿಂತ ಅದು ನಾನೂರು ಕಿಲೋಮೀಟರಿನಷ್ಟು ಮಾತ್ರ ಹೆಚ್ಚು. ಅರ್ಧ ಗಂಟೆಯ ಹಾರಾಟ. ಗಾಳಿ ಅನುಕೂಲವಾಗಿದ್ದರೆ ಆ ಅರ್ಧ ಗಂಟೆಯೂ ಮರಳಿ ಸಿಕ್ಕೀತು.

ಗಾಳಿಯೇ ನಾಲ್ಕನೆಯ ಸಂಗತಿ. ಹೊತ್ತಿನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ವಿಮಾನ ಹಾರುವ ಎತ್ತರದಲ್ಲಿ, ಮಧ್ಯ ಅಕ್ಷಾಂಶಗಳ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊನಲುಗಳು ಹರಿಯುತ್ತಿರುತ್ತವೆ. ಚಳಿಗಾಲದಲ್ಲಿ ಅವುಗಳ ವೇಗ ಗಂಟೆಗೆ ೨೦೦ ಕಿಲೋಮೀಟರನ್ನು ಮೀರುವುದು ಅಪರೂಪವಲ್ಲ. ಹೊನಲಿನ ಜತೆಗೆ ಹೋದರೆ ಹೊಳೆಯಲ್ಲಿ ತೇಲುವ ದೋಣಿಯಂತೆ. ಎದುರಾಗಿ ಹೋದರೆ ಹುಟ್ಟು ಹಾಕಿ ತೋಳು ಸೋಲುತ್ತದೆ. ೨೦೨೦ರ ಫೆಬ್ರವರಿಯಲ್ಲಿ ಬಿರುಗಾಳಿಯ ದಿನವೊಂದರಲ್ಲಿ ನ್ಯೂಯಾರ್ಕಿನಿಂದ ಹೊರಟ ವಿಮಾನವೊಂದು ಐದು ಗಂಟೆಯೂ ತುಂಬುವ ಮೊದಲೇ ಲಂಡನ್ನನ್ನು ತಲುಪಿಬಿಟ್ಟಿತು. ಸಾಮಾನ್ಯವಾಗಿ ಅದು ಆರರಿಂದ ಏಳು ಗಂಟೆಯ ದಾರಿ. ಇದೇ ಕಾರಣದಿಂದ ಬೆಂಗಳೂರಿನಿಂದ ಶಾಂತಸಾಗರದ ಕಡೆಯಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಹೋಗುವುದಕ್ಕೆ ೧೬ ಗಂಟೆ ಸಾಕಾದರೆ, ಬರುವುದಕ್ಕೆ ೧೭ ಗಂಟೆಗೂ ಮೇಲೆ ಬೇಕಾಗುತ್ತದೆ. ಒಂದೇ ದೂರ, ಎರಡು ಕಾಲ.

ಸಾಹಿತ್ಯಾಸಕ್ತರಾದ ತಮಗೆ ಇಲ್ಲಿ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಈ ಗಾಳಿಯ ಹೊನಲನ್ನು ಅಳೆದು ಬರೆದಿಟ್ಟ ಮೊದಲಿಗರಲ್ಲಿ ಒಬ್ಬರು ಜಪಾನಿನ ಹವಾಮಾನತಜ್ಞ ವಾಸಾಬುರೋ ಓಯಿಶಿ. ೧೯೨೦ರ ದಶಕದಲ್ಲಿ ಅವರು ಬುಗ್ಗೆಗಳನ್ನು ಹಾರಿಬಿಟ್ಟು, ದೂರದರ್ಶಕದಿಂದ ಅವನ್ನು ಹಿಂಬಾಲಿಸಿ, ಮೇಲಣ ಗಾಳಿಯ ವೇಗವನ್ನು ಗೊತ್ತುಮಾಡಿದರು. ತಮ್ಮ ಶೋಧ ಇಡೀ ಲೋಕಕ್ಕೆ ಮುಟ್ಟಲಿ ಎಂಬ ಸದುದ್ದೇಶದಿಂದ ೧೯೨೬ರಲ್ಲಿ ಅದನ್ನು ಎಸ್ಪೆರಾಂಟೋ ಎಂಬ ಕೃತಕ ವಿಶ್ವಭಾಷೆಯಲ್ಲಿ ಪ್ರಕಟಿಸಿದರು. ಎಲ್ಲರ ಭಾಷೆಯಾಗಲೆಂದು ಹುಟ್ಟಿದ ಅದನ್ನು ಓದುವವರೇ ಕಡಿಮೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ೧೯೪೪ರಲ್ಲಿ, ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಈ ಗಾಳಿಗೆ ಸಿಕ್ಕಿ ತತ್ತರಿಸಿದವು. ಹದಿನೆಂಟು ವರ್ಷಗಳ ಹಿಂದೆಯೇ ಅಚ್ಚಾಗಿದ್ದ ಸತ್ಯ ಅವರಿಗೆ ಹೊಸದಾಗಿ ಕಂಡಿತು.

ಐದನೆಯ ತೊಡಕು ಮನುಷ್ಯರದು. ಆಕಾಶಕ್ಕೆ ಬೇಲಿಯಿಲ್ಲ ಎಂದು ಕವಿ ಹೇಳಬಹುದು, ವಿಮಾನಚಾಲಕ ಹೇಳಲಾರ. ೨೦೨೨ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ದಂಡೆತ್ತಿ ಹೋದ ಬಳಿಕ, ಯೂರೋಪಿನ ದೇಶಗಳೂ ರಷ್ಯವೂ ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದವು. ಫಿನ್‌ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಸೈಬೀರಿಯದ ಮೇಲೆ ಒಂಬತ್ತು ಒಂಬತ್ತೂವರೆ ಗಂಟೆಗಳಲ್ಲಿ ಹೋಗುತ್ತಿದ್ದ ವಿಮಾನಕ್ಕೆ ಅಂದಿನಿಂದ ಹದಿಮೂರು ಗಂಟೆ ಹಿಡಿಯತೊಡಗಿತು. ೨೦೨೫ರ ಏಪ್ರಿಲ್ ಕೊನೆಯಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ದಾರಿಗಳು ಹೀಗೆಯೇ ಉದ್ದವಾದವು. ಊರುಗಳು ಇದ್ದಲ್ಲಿಯೇ ಇದ್ದವು. ಅವುಗಳ ನಡುವಣ ಹೊತ್ತು ಮಾತ್ರ ಹಿಗ್ಗಿತು. ಎಲ್ಲಿಯೂ ಇಳಿಯದ ನೇರ ಸೇವೆಗಳೂ ಇಂಧನದ ಬೆಲೆ, ಆಕಾಶದ ಬೇಲಿ, ಪ್ರಯಾಣಿಕರ ಸಂಖ್ಯೆ ಇವುಗಳ ಮೇಲೆ ನಿಂತವು. ಒಂದು ವರ್ಷ ಇದ್ದದ್ದು ಇನ್ನೊಂದು ವರ್ಷ ಇರಬೇಕೆಂದಿಲ್ಲ. ಅಷ್ಟು ದೂರ ಹಾರುವ ವಿಮಾನ ನೆಲ ಬಿಡುವಾಗ ಅದರ ತೂಕದ ಸುಮಾರು ಮೂರರಲ್ಲೊಂದು ಪಾಲು ಇಂಧನವೇ ಆಗಿರುತ್ತದೆ. ಇಂಧನವನ್ನು ಹೊರುವುದಕ್ಕೂ ಇಂಧನ ಬೇಕು.

ಇನ್ನು ನನ್ನ ತಪ್ಪಿನ ಕಥೆ. ೨೦೧೯ರ ಫೆಬ್ರವರಿಯ ಒಂದು ಮಂಗಳವಾರ ಬೆಳಗಿನ ಐದು ಗಂಟೆಗೆ ಅವ್ವ ತೀರಿಕೊಂಡಳು. ತಮ್ಮನಿಗೆ ಫೋನ್ ಮಾಡಿದೆ. "ಅಣ್ಣಯ್ಯ, ಇವತ್ತು ರಾತ್ರಿಯ ವಿಮಾನಕ್ಕೇ ಹೊರಡ್ತೀನಿ, ಕಾಯಿರಿ" ಎಂದ. ಮನೆಯಲ್ಲಿ ಜನ ಸೇರುತ್ತಿದ್ದರು. ಸೋದರಮಾವ ನನ್ನ ಹತ್ತಿರ ಬಂದು, "ಏನು ಮೇಷ್ಟ್ರೇ, ಅವನು ಬರೋದಕ್ಕೆ ಎಷ್ಟು ಹೊತ್ತಾಗತ್ತೆ? ಕಾಯಬಹುದಾ?" ಎಂದರು. ನಾನು ಕಣ್ಣೊರೆಸಿಕೊಂಡು ಲೆಕ್ಕ ಹಾಕಿದೆ. ಹದಿನಾಲ್ಕು ಸಾವಿರ ಕಿಲೋಮೀಟರ್, ಗಂಟೆಗೆ ಒಂಬೈನೂರು, ಹದಿನಾರು ಗಂಟೆ. ಬೆಂಗಳೂರಿನಿಂದ ತೀರ್ಥಹಳ್ಳಿಗೆ ಏಳು ಗಂಟೆ. ಒಟ್ಟು ಇಪ್ಪತ್ತಮೂರು. "ನಾಳೆ ಬೆಳಗಾಗೋದ್ರೊಳಗೆ ಬರ್ತಾನೆ" ಎಂದೆ. ಶವ ಕೆಡದಂತೆ ಇಡುವ ಪೆಟ್ಟಿಗೆಯನ್ನು ಶಿವಮೊಗ್ಗೆಯಿಂದ ತರಿಸೋಣವೇ ಎಂದು ಯಾರೋ ಕೇಳಿದರು. ಒಂದು ರಾತ್ರಿಯ ಮಾತು, ಬೇಡ ಎಂದೆ.

ನನ್ನ ಲೆಕ್ಕದಲ್ಲಿ ತಪ್ಪಿದ್ದದ್ದು ಎಲ್ಲಿ? ಮೊದಲ ತಪ್ಪು 'ಇವತ್ತು' ಎಂಬ ಮಾತಿನಲ್ಲಿ. ಭಾರತದ ಗಡಿಯಾರ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದೆ. ಕ್ಯಾಲಿಫೋರ್ನಿಯದ್ದು ಚಳಿಗಾಲದಲ್ಲಿ ಎಂಟು ಗಂಟೆ ಹಿಂದೆ. ಎರಡರ ನಡುವೆ ಹದಿಮೂರೂವರೆ ಗಂಟೆಯ ಅಂತರ. ಬೇಸಗೆಯಲ್ಲಿ ಅವರು ಗಡಿಯಾರವನ್ನು ಮುಂದಿಡುವುದರಿಂದ ಹನ್ನೆರಡೂವರೆ. ನಮಗೆ ಮಂಗಳವಾರದ ಮುಂಜಾವ ಐದಾಗಿದ್ದಾಗ ಅವನಿಗೆ ಸೋಮವಾರದ ಮಧ್ಯಾಹ್ನ ಮೂರೂವರೆ. ಅವನ 'ಇವತ್ತು ರಾತ್ರಿ' ಎಂಟೂವರೆ ಎಂದರೆ ನಮ್ಮ ಮಂಗಳವಾರದ ಬೆಳಿಗ್ಗೆ ಹತ್ತು. ನಾನು ಫೋನ್ ಇಟ್ಟ ಗಳಿಗೆಯಿಂದಲೇ ಅವನನ್ನು ಆಕಾಶದಲ್ಲಿ ಹಾರಿಸಿಬಿಟ್ಟಿದ್ದೆ. ಅವನಿನ್ನೂ ನೆಲದ ಮೇಲೆಯೇ ಐದು ಗಂಟೆ ಇದ್ದ.

ಎರಡನೆಯ ತಪ್ಪು, ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ಕಾಲ ಬರುತ್ತದೆಂಬ ಶಾಲೆಯ ನಂಬಿಕೆ. ಹಾಗೆ ಬರುವುದು ನೇರ ಹಾರಾಟದ ಕಾಲ ಮಾತ್ರ. ಆ ವರ್ಷ ನೇರ ಸೇವೆಯೇ ಇರಲಿಲ್ಲ. ಕೊಲ್ಲಿಯ ಒಂದು ನಗರಕ್ಕೆ ಹದಿನಾರು ಗಂಟೆ ಹಾರಿ, ಅಲ್ಲಿ ಆರು ಗಂಟೆ ಕುಳಿತು, ಮತ್ತೆ ನಾಲ್ಕು ಗಂಟೆ ಹಾರಿ ಅವನು ಬೆಂಗಳೂರಿಗೆ ಇಳಿದಾಗ ಬುಧವಾರ ಮಧ್ಯಾಹ್ನ ಹನ್ನೆರಡು. ಹೊರಗೆ ಬರಲು ಒಂದು ಗಂಟೆ. ಅಲ್ಲಿಂದ ಮುನ್ನೂರು ಚಿಲ್ಲರೆ ಕಿಲೋಮೀಟರ್ ಕಾರಿನಲ್ಲಿ ಏಳು ಗಂಟೆ. ದಾರಿಯ ಕೊನೆಯ ಈ ತುಂಡು ಒಟ್ಟು ದೂರದ ನಲವತ್ತರಲ್ಲಿ ಒಂದು ಪಾಲೂ ಅಲ್ಲ. ತಿಂದ ಹೊತ್ತು ಮಾತ್ರ ಐದರಲ್ಲಿ ಒಂದು ಪಾಲಿಗೆ ಹತ್ತಿರ. ಅವನು ಮನೆಯ ಅಂಗಳಕ್ಕೆ ಕಾಲಿಟ್ಟಾಗ ಬುಧವಾರ ರಾತ್ರಿ ಎಂಟು. ನಾನು ಹೇಳಿದ್ದು ಇಪ್ಪತ್ತಮೂರು ಗಂಟೆ, ಆದದ್ದು ಮೂವತ್ತೊಂಬತ್ತು.

ಬುಧವಾರ ಬೆಳಗಾಯಿತು, ಬಿಸಿಲೇರಿತು. ಮಧ್ಯಾಹ್ನದವರೆಗೆ ಹಿರಿಯರು ತಾಳಿಕೊಂಡರು. ಅನಂತರ ಸೋದರಮಾವ ನನ್ನ ಹೆಗಲ ಮೇಲೆ ಕೈಯಿಟ್ಟು, "ಇನ್ನು ಇಡೋದು ಸರಿಯಲ್ಲ" ಎಂದಷ್ಟೇ ಹೇಳಿದರು. ಎರಡು ಗಂಟೆಯ ಹೊತ್ತಿಗೆ ಎಲ್ಲ ಮುಗಿಯಿತು. ತಮ್ಮ ಬಂದದ್ದು ಅದಾದ ಆರು ಗಂಟೆಗೆ. ಮೊದಲ ದಿನವೇ ನಾನು ಸರಿಯಾದ ಲೆಕ್ಕ ಹೇಳಿದ್ದರೆ ಪೆಟ್ಟಿಗೆ ಬರುತ್ತಿತ್ತು. ಅವನಿಗೆ ಅವ್ವನ ಮುಖ ಸಿಗುತ್ತಿತ್ತು. ಕಾಯುವುದು ಬೇಡವೆಂದೇ ತೀರ್ಮಾನವಾಗಿದ್ದರೂ ಅವನಿಗೆ ಮೊದಲೇ ತಿಳಿಸಿಬಿಡಬಹುದಿತ್ತು. ಕಾಯುತ್ತಾರೆಂಬ ನಂಬಿಕೆಯಲ್ಲಿ ಅವನು ಅಷ್ಟು ದೂರವನ್ನು ಹಾರಬೇಕಾಗಿರಲಿಲ್ಲ. ಆತ ನನ್ನನ್ನು ಏನೂ ಕೇಳಲಿಲ್ಲ. ಕೇಳದೆ ಇದ್ದದ್ದರಿಂದಲೇ ಇಂದಿಗೂ ಆ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತೇನೆ.

ನಮ್ಮ ಹಿರಿಯರು ಹಡಗಿನಲ್ಲಿ ವಿದೇಶಕ್ಕೆ ಹೋಗುತ್ತಿದ್ದ ಕಾಲದಲ್ಲಿ ಪಯಣ ವಾರಗಟ್ಟಲೆ ಹಿಡಿಯುತ್ತಿತ್ತು. ವಿನಾಯಕರ ಸಮುದ್ರಗೀತೆಗಳ ಹಿಂದೆ ಅಂತಹ ಒಂದು ಕಡಲ ಪಯಣವಿದೆ. ಅಂದು ಸಾವಿನ ಸುದ್ದಿ ಹೋದರೆ ಬರುವ ಪ್ರಶ್ನೆಯೇ ಇರಲಿಲ್ಲ. ಆದ್ದರಿಂದ ಕಾಯುವ ಪ್ರಶ್ನೆಯೂ ಇರಲಿಲ್ಲ. ವಿಮಾನ ದೂರವನ್ನು ಅಳಿಸಲಿಲ್ಲ. ಬಂದರೂ ಬಂದಾನು ಎಂಬಷ್ಟು ಹತ್ತಿರಕ್ಕೆ ಅದನ್ನು ತಂದು ನಿಲ್ಲಿಸಿತು. ಬಂದೇ ಬರುತ್ತಾನೆಂಬ ಭರವಸೆಯನ್ನು ಮಾತ್ರ ಕೊಡಲಿಲ್ಲ. ಈ ನಡುವಣ ಜಾಗದಲ್ಲಿ ಇಂದು ಎಷ್ಟೋ ಮನೆಗಳಿವೆ.

ಆದ್ದರಿಂದ ದೂರದ ಊರಿನಲ್ಲಿ ಮಕ್ಕಳು, ಒಡಹುಟ್ಟಿದವರು ಇರುವ ಕೇಳುಗರಲ್ಲಿ ನನ್ನದೊಂದು ಬಿನ್ನಹ. ಕಷ್ಟದ ದಿನ ಬರುವ ಮೊದಲೇ, ಮನಸ್ಸು ತಿಳಿಯಾಗಿರುವಾಗ, ಕಾಗದ ಪೆನ್ಸಿಲು ಹಿಡಿದು ಕುಳಿತು ಈ ಲೆಕ್ಕವನ್ನು ಅವರೊಡನೆಯೇ ಮಾಡಿಟ್ಟುಕೊಳ್ಳಿ. ಅವರ ಮನೆಯಿಂದ ನಿಲ್ದಾಣಕ್ಕೆ ಎಷ್ಟು, ಅಲ್ಲಿ ಎಷ್ಟು ಹೊತ್ತು ಮುಂಚೆ ಇರಬೇಕು, ಎಲ್ಲಿ ಇಳಿದು ಎಷ್ಟು ಕಾಯಬೇಕು, ಕೊನೆಯ ರಸ್ತೆಯ ಪಯಣ ಎಷ್ಟು, ಎಲ್ಲವನ್ನೂ ಕೂಡಿಸಿ. ಗಂಟೆಗಳನ್ನು ಎರಡೂ ಊರಿನ ಗಡಿಯಾರದಲ್ಲಿ ಬರೆಯಿರಿ. 'ಇವತ್ತು', 'ನಾಳೆ' ಎನ್ನಬೇಡಿ. ವಾರದ ಹೆಸರು ಹೇಳಿ, ಯಾರ ಊರಿನ ವಾರವೆಂಬುದನ್ನೂ ಹೇಳಿ. ಕೊನೆಗೆ ಬಂದ ಮೊತ್ತಕ್ಕೆ ಅರ್ಧ ದಿನ ಸೇರಿಸಿ. ಗಾಳಿಗೆ, ಮಂಜಿಗೆ, ಮನುಷ್ಯರ ಜಗಳಕ್ಕೆ ಅದು ಮೀಸಲು.

ಆ ಗೋಳ ಈಗಲೂ ನನ್ನ ಮೇಜಿನ ಮೇಲಿದೆ. ಮೊಮ್ಮಕ್ಕಳು ಬಂದಾಗ ದಾರ ಹಿಡಿದು ಮಹಾವೃತ್ತವನ್ನು ತೋರಿಸುತ್ತೇನೆ. ಅವರು ದಾರವನ್ನು ಅಳೆದು, "ಇಷ್ಟೇನಾ ಅಜ್ಜ?" ಎನ್ನುತ್ತಾರೆ. ಆಗ ಅವ್ವನಿಗೆ ಹೇಳದೆ ಬಿಟ್ಟ ಮಾತನ್ನು ಅವರಿಗೆ ಹೇಳುತ್ತೇನೆ: ಇದು ದೂರ ಮಾತ್ರ ಮಕ್ಕಳೇ, ಹೊತ್ತನ್ನು ಬೇರೆಯೇ ಲೆಕ್ಕ ಹಾಕಬೇಕು.

(ಬಾನುಲಿ ಭಾಷಣ)